ಕಪ್ಪು ಸ್ಕ್ರೀನು ಬಂತು ಅಂತ ಫಾರ್ಮ್ಯಾಟ್ ಮಾಡಿಸ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಪ್ರಶ್ನೆ ಅಂಕಣದಲ್ಲಿ ಒಬ್ರು ಕೇಳಿದ್ರು, ಮಳೇಲಿ ಕರೆಂಟು ಹೋಗಿ ಬಂದ ಮೇಲೆ ಕಂಪ್ಯೂಟರ್ ಆನ್ ಮಾಡಿದ್ರೆ ಕಪ್ಪು ಸ್ಕ್ರೀನಲ್ಲಿ ಇನಿಟ್‌ರಾಮ್‌ಎಫ್‌ಎಸ್ ಅಂತ ಬಂದು ಅಲ್ಲೇ ನಿಂತುಬಿಡ್ತದೆ, ಉಬುಂಟು (ವಿಂಡೋಸ್ ಬದಲು ಹಾಕೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಿದೀನಿ, ಏನು ಮಾಡೋದು ಅಂತ. ಅದಕ್ಕೆ ಬಂದ ಉತ್ತರ ಎರಡೇ ಸಾಲು. ಆಪರೇಟಿಂಗ್ ಸಿಸ್ಟಮ್ ಹಾಳಾಗಿದೆ, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಸ್ಕೊಳ್ಳಿ ಅಂತ. ಆ ಎರಡು ಸಾಲು ಓದಿದಾಗಿಂದ ನಂಗೆ ಸಮಾಧಾನ ಇಲ್ಲ, ಅದಕ್ಕೇ ಇಷ್ಟುದ್ದ ಬರೀತಾ ಇದೀನಿ. ಜಾಗ ಇದ್ರೆ ಪೂರ್ತಿ ಹಾಕಿ, ಇಲ್ದಿದ್ರೆ ಆ ಪ್ರಶ್ನೆ ಕೇಳಿದೋರಿಗೆ ಇಷ್ಟಾದ್ರೂ ಮುಟ್ಟಿಸಿ: ಫಾರ್ಮ್ಯಾಟ್ ಮಾಡಿಸ್ಬೇಡಿ, ನಿಮ್ಮ ಫೈಲುಗಳು ಬಹುಪಾಲು ಅಲ್ಲೇ ಇರ್ತವೆ.

ನಾನು 14 ವರ್ಷ ಬೆಂಗಳೂರಲ್ಲಿ ಲಿನಕ್ಸ್ ಸರ್ವರ್ ನೋಡ್ಕೊಳ್ಳೋ ಕೆಲಸ ಮಾಡಿ ಈಗ ತೀರ್ಥಹಳ್ಳಿ ಕಡೆ ನಮ್ಮೂರಿಂದಲೇ ಅದೇ ಕೆಲಸ ಮಾಡ್ತಾ ಇರೋನು. ನಮ್ಮನೆಯಿಂದ ಮೂರು ಮನೆ ಆಚೆ ಒಬ್ರು ನಿವೃತ್ತ ಕನ್ನಡ ಮೇಷ್ಟ್ರು ಇದಾರೆ. ರಿಟೈರ್ ಆದ ಮೇಲೆ 9 ವರ್ಷ ಸುತ್ತಮುತ್ತಲ ಹಳ್ಳಿ ತಿರುಗಿ ಸೋಬಾನೆ ಪದ, ನಾಟಿ ಹಾಡು, ದೀಪಾವಳಿಗೆ ಮನೆ ಮನೆಗೆ ದೀಪ ತಗೊಂಡು ಬರೋರ ಅಂಟಿಗೆ ಪಂಟಿಗೆ ಪದ ಎಲ್ಲ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಬಂದು ಕಂಪ್ಯೂಟರಿಗೆ ಹಾಕಿ, ಒಂದೊಂದು ಊರಿಗೆ ಒಂದೊಂದು ಫೋಲ್ಡರ್ ಮಾಡಿ, ಕೇಳಿ ಕೇಳಿ ಟೈಪ್ ಮಾಡಿ ಇಟ್ಟಿದ್ರು. ಹಾಡಿದ ಅಜ್ಜಿಯರಲ್ಲಿ ಎಷ್ಟೋ ಜನ ಈಗಿಲ್ಲ. ಒಂದು ಜುಲೈಲಿ ಕರೆಂಟು ಹೋಗಿ ಬಂದು ಹೋಗಿ ಬಂದು ಮಾಡಿ, ಮಾರನೇ ದಿನ ಮಷೀನ್ ಹಚ್ಚಿದ್ರೆ ಇದೇ ಕಪ್ಪು ಸ್ಕ್ರೀನು. ನಾನು ಆಗ ಊರಲ್ಲಿ ಇರ್ಲಿಲ್ಲ. ಮೇಷ್ಟ್ರು ಸಿಪಿಯು ಡಬ್ಬ ಆಟೋದಲ್ಲಿ ಹಾಕ್ಕೊಂಡು ಪೇಟೆ ಅಂಗಡಿಗೆ ಹೋದ್ರು, ಅವರು ನೋಡಿ ಹಾರ್ಡ್‌ಡಿಸ್ಕ್ ಕರಪ್ಟ್ ಆಗಿದೆ ಸಾರ್, ಫಾರ್ಮ್ಯಾಟ್ ಹೊಡೀಬೇಕು ಅಂದ್ರಂತೆ. ಒಳಗಿರೋ ಫೈಲು ಅಂತ ಇವರು ಕೇಳಿದ್ದಕ್ಕೆ ಅದೆಲ್ಲ ಹೋಗಿರ್ತದೆ ಸಾರ್ ಅಂದ್ರಂತೆ. ಗೊತ್ತಿರೋರೇ ಹೇಳಿದ ಮೇಲೆ ಇನ್ನೇನು ಅಂತ ಇವರು ಹೂಂ ಅಂದ್ರು, 700 ರೂಪಾಯಿ ಕೊಟ್ಟು ಹೊಸ ಸಿಸ್ಟಮ್ ಹಾಕಿಸ್ಕೊಂಡು ಬಂದ್ರು.

ದಸರಾಕ್ಕೆ ಊರಿಗೆ ಬಂದಾಗ ನಂಗೆ ಗೊತ್ತಾಯ್ತು. ಡಿಸ್ಕ್ ಬಿಚ್ಚಿ ತಂದು ಅಳಿಸಿಹೋದ ಫೈಲು ಹುಡುಕೋ ಫೋಟೋರೆಕ್ ಅನ್ನೋ ಪ್ರೋಗ್ರಾಮ್ ಹಾಕಿ ಎರಡು ರಾತ್ರಿ ಕೂತೆ. ಹೆಸರಿಲ್ಲದ, ಊರಿಲ್ಲದ, ಬರೀ ನಂಬರಿನ ಒಂದಷ್ಟು ಆಡಿಯೋ ಫೈಲು ಸಿಕ್ಕವು, ಅದರಲ್ಲೊಂದು ಅಜ್ಜಿ ಹಾಡ್ತಾ ಹಾಡ್ತಾ ಮೂರನೇ ನುಡಿಗೆ ದನಿ ಕತ್ತರಿಸಿ ಹೋಗಿತ್ತು, ಮುಂದಿನ ತುಂಡಿನ ಮೇಲೆ ಹೊಸ ಸಿಸ್ಟಮ್ ಫೈಲು ಕೂತುಬಿಟ್ಟಿತ್ತು. ಮೇಷ್ಟ್ರು ಆ ಒಂದನ್ನ ಮೂರು ಸಲ ಕೇಳಿದ್ರು, ಮಾತಾಡ್ಲಿಲ್ಲ. ಅಂಗಡಿಗೆ ತಗೊಂಡು ಹೋದ ದಿನ ಆ ಹಾಡೆಲ್ಲ ಡಿಸ್ಕಲ್ಲಿ ನೆಟ್ಟಗೇ ಇದ್ವು ಅಂತ ನಂಗೆ ಅನುಮಾನವೇ ಇಲ್ಲ, ಯಾಕಂದ್ರೆ ಡಿಸ್ಕ್ ಪೂರ್ತಿ ಓದಿ ನೋಡಿದ್ರೆ ಒಂದು ಸೆಕ್ಟರೂ ಕೆಟ್ಟಿರ್ಲಿಲ್ಲ. ಅವತ್ತು ಕೆಟ್ಟಿದ್ದು ಬೂಟ್ ಆಗುವಾಗ, ಅಂದ್ರೆ ಮಷೀನ್ ಏಳುವಾಗ, ನಡುವೆ ಬರೋ ಒಂದು ಹಸ್ತಾಂತರ ಮಾತ್ರ.

ಆ ಹಸ್ತಾಂತರ ಏನು ಅಂತ ಕನ್ನಡದಲ್ಲಿ ಯಾರೂ ಬಿಡಿಸಿ ಹೇಳಿಲ್ಲ ಅನ್ನೋದೇ ನನ್ನ ಸಂಕಟ, ಹಾಗಾಗಿ ನಾನೇ ಹೇಳ್ತೀನಿ.

ಕಂಪ್ಯೂಟರ್ ಆನ್ ಆದಾಗ ಮದರ್‌ಬೋರ್ಡಲ್ಲಿರೋ ಬಯೋಸ್ ಅನ್ನೋ ಸಣ್ಣ ಪ್ರೋಗ್ರಾಮ್ ಎದ್ದು, ಸಿಸ್ಟಮ್ ತಂದು ಶುರು ಮಾಡೋ ಬೂಟ್‌ಲೋಡರನ್ನ ಎಬ್ಬಿಸ್ತದೆ, ಉಬುಂಟುವಲ್ಲಿ ಅದು ಗ್ರಬ್. ಗ್ರಬ್ ಎರಡು ಫೈಲು ತಂದು ರ‍್ಯಾಮಲ್ಲಿ ಇಡ್ತದೆ, ಒಂದು ಲಿನಕ್ಸ್ ಕರ್ನೆಲ್, ಅಂದ್ರೆ ಸಿಸ್ಟಮಿನ ತಿರುಳು, ಇನ್ನೊಂದು ಈ ಇನಿಟ್‌ರಾಮ್‌ಎಫ್‌ಎಸ್. ಎರಡನೇದು ಯಾಕೆ ಬೇಕು ಅಂದ್ರೆ, ಕರ್ನೆಲ್ ಎದ್ದು ಕೂತ ತಕ್ಷಣ ಅದಕ್ಕೆ ನಿಮ್ಮ ಡಿಸ್ಕ್ ಓದಕ್ಕೆ ಬರದೇ ಇರಬಹುದು, ಆ ಡಿಸ್ಕನ್ನ ಓದಿಸೋ ಡ್ರೈವರ್ ಬೇಕು, ಫೈಲ್ ಸಿಸ್ಟಮಿನ (ಡಿಸ್ಕಲ್ಲಿ ಫೈಲು ಜೋಡಿಸಿಡೋ ವ್ಯವಸ್ಥೆ) ಮಾಡ್ಯೂಲ್ ಬೇಕು, ಡಿಸ್ಕಿಗೆ ಪಾಸ್‌ವರ್ಡ್ ಲಾಕ್ ಹಾಕಿದ್ರೆ ಅದನ್ನ ಕೇಳೋ ಪ್ರೋಗ್ರಾಮ್ ಬೇಕು, ಆದ್ರೆ ಇದೆಲ್ಲ ಇರೋದು ಅದೇ ಡಿಸ್ಕಿನ ಒಳಗೆ. ಪೆಟ್ಟಿಗೆಯ ಬೀಗದಕೈ ಪೆಟ್ಟಿಗೆ ಒಳಗೇ ಇಟ್ಟು ಬೀಗ ಹಾಕಿದಂಗೆ. ಜಗತ್ತಲ್ಲಿರೋ ಎಲ್ಲಾ ಡ್ರೈವರನ್ನೂ ಕರ್ನೆಲ್ಲಿಗೇ ತುಂಬಿದ್ರೆ ಅದು ಆನೆ ಗಾತ್ರ ಆಗ್ತದೆ. ಅದಕ್ಕೆ ಬೇಕಾದಷ್ಟನ್ನ ಮಾತ್ರ ಒಂದು ಸಣ್ಣ ಗಂಟು ಕಟ್ಟಿ ಕರ್ನೆಲ್ ಜೊತೆಗೇ ಕಳಿಸ್ತಾರೆ. ಸಿಪಿಐಓ ಅನ್ನೋ ಹಳೇ ಯುನಿಕ್ಸ್ ಕಾಲದ ರೀತೀಲಿ ಕಟ್ಟಿದ ಗಂಟು ಅದು, ಮೇಲಿಂದ ಜಿಜಿಪ್ಪೋ ಝಡ್‌ಸ್ಟ್ಯಾಂಡರ್ಡೋ ಹಾಕಿ ಕುಗ್ಗಿಸಿರ್ತಾರೆ.

ಮನೆ ಕಟ್ಟಿಸಿದೋರಿಗೆಲ್ಲ ಇದು ತಟ್ಟನೆ ಅರ್ಥ ಆಗ್ತದೆ. ಸೈಟಲ್ಲಿ ಮೊದಲು ಒಂದು ಶೆಡ್ಡು ಹಾಕ್ತೀವಿ, ತಗಡಿನ ಮಾಡು, ಒಂದು ಬಲ್ಬು, ಗುದ್ದಲಿ ಪಿಕಾಸಿ ಇಡೋಕೆ ಜಾಗ. ಅಲ್ಲೇ ಇದ್ಕೊಂಡು ಮನೆ ಕೆಲಸ ಮುಗಿಸಿ, ಮನೆ ರೆಡಿಯಾದ ಮೇಲೆ ಸಾಮಾನು ಸಾಗಿಸಿ, ಆಮೇಲೆ ಶೆಡ್ಡು ಕಿತ್ತು ಹಾಕ್ತೀವಿ. ಇನಿಟ್‌ರಾಮ್‌ಎಫ್‌ಎಸ್ ಅಂದ್ರೆ ಆ ಶೆಡ್ಡು. ಪೂರ್ತಿ ರ‍್ಯಾಮಲ್ಲೇ ಇರ್ತದೆ, ಗಂಟು ಬಿಚ್ಚಿದ ಮೇಲೆ ಡಿಸ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಅದರೊಳಗೆ ಇನಿಟ್ ಅಂತ ಒಂದು ಸ್ಕ್ರಿಪ್ಟು, ಕರ್ನೆಲ್ ಮೊಟ್ಟಮೊದಲು ಓಡಿಸೋದು ಇದನ್ನೇ, ಓಡ್ತಿರೋ ಪ್ರೋಗ್ರಾಮುಗಳಲ್ಲಿ ಮೊದಲನೇದು ಅಂತ ಅದಕ್ಕೆ ಪ್ರಾಸೆಸ್ ನಂಬರ್ 1 ಸಿಗ್ತದೆ. ಅದು ಡ್ರೈವರ್ ಹಾಕ್ತದೆ, ಗ್ರಬ್ ಕೊಟ್ಟ ಯುಯುಐಡಿ ಅನ್ನೋ ಗುರುತಿನ ಸಂಖ್ಯೆ ಹಿಡ್ಕೊಂಡು ಅದೇ ಗುರುತಿನ ಪಾರ್ಟಿಷನ್ (ಡಿಸ್ಕಿನ ಭಾಗ) ಹುಡುಕ್ತದೆ, ಸಿಕ್ಕಿದ್ರೆ ಸರಿ ಇದೆಯಾ ಅಂತ, ಫೈಲ್ ಸಿಸ್ಟಮ್ ಪರೀಕ್ಷೆ ಮಾಡಿ ತಿದ್ದೋ ಎಫ್‌ಎಸ್‌ಸಿಕೆ ಹಾಕಿ ನೋಡ್ತದೆ, ಸರಿ ಇದ್ರೆ ಒಂದು ಖಾಲಿ ಡೈರೆಕ್ಟರಿ (ಫೋಲ್ಡರ್) ಮೇಲೆ ತಂದು ಮೌಂಟ್ ಮಾಡ್ತದೆ, ಅಂದ್ರೆ ಜೋಡಿಸಿ ತೆರೀತದೆ. ಉಬುಂಟು, ಡೆಬಿಯನ್ ಅನ್ನೋ ಲಿನಕ್ಸುಗಳಲ್ಲಿ ಇನಿಟ್‌ರಾಮ್‌ಎಫ್‌ಎಸ್ ಟೂಲ್ಸ್ ಕಟ್ಟಿದ ಗಂಟಾದ್ರೆ ಆ ಡೈರೆಕ್ಟರಿ ಹೆಸರು ರೂಟ್, ಫೆಡೋರಾ ಅನ್ನೋ ಲಿನಕ್ಸಲ್ಲಿ ಗಂಟು ಕಟ್ಟೋ ಡ್ರಾಕಟ್ಟಲ್ಲಾದ್ರೆ ಸಿಸ್‌ರೂಟ್. ಇಲ್ಲಿವರೆಗೂ ನಾವಿನ್ನೂ ಶೆಡ್ಡಲ್ಲೇ ಇದೀವಿ, ಮನೆ ಬಾಗಿಲು ತೆಗೆದಿದೆ ಅಷ್ಟೇ.

ಮುಂದಿನದೇ ಸ್ವಿಚ್ ರೂಟ್, ನಾನು ಹೇಳಿದ ಹಸ್ತಾಂತರ. ರೂಟ್ ಅಂದ್ರೆ ಎಲ್ಲಾ ಫೋಲ್ಡರುಗಳ ಬುಡ, ಅದನ್ನ ಸ್ಲ್ಯಾಶ್ ಗುರುತಲ್ಲಿ ಬರೀತಾರೆ. ನಂಗೆ ಇಡೀ ಲಿನಕ್ಸಲ್ಲಿ ತುಂಬ ಇಷ್ಟವಾದ ಜಾಗ ಇದು, ಒಂದು ಕ್ಷಣಕ್ಕಿಂತ ಕಮ್ಮಿ ಹೊತ್ತಲ್ಲಿ ಆಗಿಹೋಗ್ತದೆ, ಆದ್ರೆ ಒಂದು ಹೆಜ್ಜೆ ಹಿಂದೆ ಮುಂದಾದ್ರೆ ಎಲ್ಲಾ ಕುಸೀತದೆ. ಡೆವ್, ಪ್ರಾಕ್, ಸಿಸ್, ರನ್ ಅಂತ ಶೆಡ್ಡಲ್ಲಿ ಹಾಕ್ಕೊಂಡಿದ್ದ ಮೌಂಟುಗಳನ್ನ ಕಿತ್ತು ಹಾಗೇ ಹೊಸ ಮನೆಗೆ ಸಾಗಿಸ್ತದೆ. ಹೊಸ ರೂಟ್ ಒಳಗೆ ಕಾಲಿಡ್ತದೆ. ಶೆಡ್ಡಲ್ಲಿರೋ ಫೈಲುಗಳನ್ನ ಅಳಿಸಿ ರ‍್ಯಾಮ್ ಬಿಡಿಸ್ತದೆ. ಹೊಸ ಫೈಲ್ ಸಿಸ್ಟಮನ್ನ ಎತ್ತಿ ಹಳೇ ಸ್ಲ್ಯಾಶಿನ ಮೇಲೆ ಕೂರಿಸ್ತದೆ, ಇನ್ನು ಮುಂದೆ ಇದೇ ನನ್ನ ರೂಟ್ ಅಂತ ಸಿರೂಟ್ ಮಾಡ್ಕೊಳ್ತದೆ, ಕೊನೆಗೆ ತಾನೇ ಹೊಸ ಮನೆಯ ಇನಿಟ್ ಆಗಿ ಬದಲಾಗ್ತದೆ, ಈಗ ಹೆಚ್ಚಿನ ಕಡೆ ಆ ಪ್ರೋಗ್ರಾಮ್ ಸಿಸ್ಟಮ್‌ಡಿ. ಇಲ್ಲಿ ಹಳೇ ಪ್ರೋಗ್ರಾಮ್ ಸತ್ತು ಹೊಸದು ಹುಟ್ಟೋ ಹಾಗಿಲ್ಲ, ಪ್ರಾಸೆಸ್ ನಂಬರ್ 1 ಸತ್ತರೆ ಕರ್ನೆಲ್ ಅಟೆಂಪ್ಟೆಡ್ ಟು ಕಿಲ್ ಇನಿಟ್ ಅಂತ ಪ್ಯಾನಿಕ್ ಆಗಿ ಅಲ್ಲೇ ನಿಂತುಬಿಡ್ತದೆ. ಅದಕ್ಕೇ ಎಕ್ಸೆಕ್ ಬಳಸೋದು, ನಂಬರ್ ಅದೇ, ಜೀವ ಅದೇ, ಒಳಗಿನ ಪ್ರೋಗ್ರಾಮ್ ಬೇರೆ.

ಅಳಿಸೋ ಹೆಜ್ಜೆ ಬಗ್ಗೆ ಒಂದು ಮಾತು ಹೇಳಲೇಬೇಕು. ಸ್ಲ್ಯಾಶಿಂದ ಶುರು ಮಾಡಿ ಎಲ್ಲಾ ಅಳಿಸು ಅಂದ್ರೆ ಹೊಸ ಮನೆಯೂ ಆ ಹೊತ್ತಿಗೆ ಅದೇ ಸ್ಲ್ಯಾಶಿನ ಕೆಳಗೆ ಒಂದು ಡೈರೆಕ್ಟರೀಲಿ ಮೌಂಟ್ ಆಗಿ ಕೂತಿರ್ತದಲ್ಲ, ಅದನ್ನೂ ಅಳಿಸಿಬಿಟ್ರೆ? ಹಾಗಾಗ್ಬಾರದು ಅಂತ ಬಿಝಿಬಾಕ್ಸ್ ಅನ್ನೋ ಸಣ್ಣ ಕಮಾಂಡುಗಳ ಕಟ್ಟಿನಲ್ಲಿರೋ ಸ್ವಿಚ್ ರೂಟ್ ಪ್ರತಿ ಫೈಲು ಮುಟ್ಟೋಕೆ ಮುಂಚೆ ಇದು ಯಾವ ಡಿವೈಸಿಗೆ ಸೇರಿದ್ದು ಅಂತ ನೋಡ್ತದೆ, ಬೇರೆ ಡಿವೈಸಿನದಾದ್ರೆ ಮುಟ್ಟಲ್ಲ. ಅಷ್ಟೇ ಸಾಲದು ಅಂತ ಮೊದಲೇ ನಾನು ಪ್ರಾಸೆಸ್ ನಂಬರ್ 1 ಹೌದಾ, ನಾನು ನಿಂತಿರೋ ಜಾಗ ನಿಜವಾಗ್ಲೂ ಮೆಮೊರೀಲಿರೋ ಫೈಲ್ ಸಿಸ್ಟಮ್ಮೇ, ಅಂದ್ರೆ ರ‍್ಯಾಮ್‌ಎಫ್‌ಎಸ್ ಅಥವಾ ಟೆಂಪ್‌ಎಫ್‌ಎಸ್ ಹೌದಾ, ಇಲ್ಲಿ ಇನಿಟ್ ಫೈಲು ಇದೆಯಾ ಅಂತ ಮೂರನ್ನೂ ಪರೀಕ್ಷೆ ಮಾಡ್ಕೊಳ್ತದೆ, ಒಂದು ತಪ್ಪಿದ್ರೂ ಕೆಲಸ ಬಿಟ್ಟು ಹೊರಗೆ ಬರ್ತದೆ. ಯಾರೋ ಗೊತ್ತಿಲ್ದೆ ಮಾಮೂಲಿ ಟೈಮಲ್ಲಿ ಈ ಕಮಾಂಡ್ ಕೊಟ್ರೆ ಅವರ ಡಿಸ್ಕ್ ಖಾಲಿಯಾಗಬಾರದು ಅನ್ನೋ ಕಾಳಜಿ ಅದು. ಬರೆದೋರು ಅಷ್ಟು ಜೋಪಾನವಾಗಿ ಬರೆದಿದಾರೆ, ನಾವು ಆ ಡಿಸ್ಕನ್ನ ಎರಡು ಸಾಲಿನ ಸಲಹೆ ಕೇಳಿ ಒರೆಸಿ ಹಾಕ್ತೀವಿ.

ಇದೆಲ್ಲ ಒಂದೇ ದಿನಕ್ಕೆ ಆದದ್ದಲ್ಲ. ಮೊದಲು ಇನಿಟ್‌ಆರ್‌ಡಿ ಅಂತ ಇತ್ತು, ರ‍್ಯಾಮಲ್ಲೇ ಒಂದು ಸುಳ್ಳು ಡಿಸ್ಕ್ ಮಾಡಿ ಅದರ ಮೇಲೆ ಇಎಕ್ಸ್‌ಟಿ2 ಥರದ ನಿಜವಾದ ಫೈಲ್ ಸಿಸ್ಟಮ್ ಇಟ್ಟು, ಲಿನಕ್ಸ್‌ಆರ್‌ಸಿ ಅನ್ನೋ ಪ್ರೋಗ್ರಾಮ್ ಓಡಿಸ್ತಿದ್ರು. ಅಲ್ಲಿಂದ ದಾಟೋಕೆ ವರ್ನರ್ ಆಲ್ಮೆಸ್‌ಬರ್ಗರ್ ಅನ್ನೋರು ಪಿವಟ್ ರೂಟ್ ಅನ್ನೋ ಸಿಸ್ಟಮ್ ಕಾಲ್ (ಪ್ರೋಗ್ರಾಮ್ ಕರ್ನೆಲ್ಲಿಗೆ ಸಲ್ಲಿಸೋ ಕೋರಿಕೆ) ಬರೆದ್ರು, ಕರ್ನೆಲ್ 2.3.41ರಲ್ಲಿ ಅದು ಸೇರ್ತು. ಹಳೇ ರೂಟನ್ನ ಹೊಸ ರೂಟಿನ ಒಳಗೆ ಒಂದು ಮೂಲೆಗೆ ಸರಿಸಿ, ಹೊಸದನ್ನ ಸ್ಲ್ಯಾಶಿಗೆ ತರೋ ಅದಲು ಬದಲು ಅದು, ಹಳೇದನ್ನ ಆಮೇಲೆ ಆರಾಮಾಗಿ ಅನ್‌ಮೌಂಟ್ ಮಾಡಬಹುದಿತ್ತು. 2003ರ ಡಿಸೆಂಬರಲ್ಲಿ ಕರ್ನೆಲ್ 2.6 ಬರೋ ಹೊತ್ತಿಗೆ ಇನಿಟ್‌ರಾಮ್‌ಎಫ್‌ಎಸ್ ಬಂದಿತ್ತು, ಅದರಲ್ಲಿ ಈ ಪಿವಟ್ ನಡೆಯಲ್ಲ, ಯಾಕಂದ್ರೆ ಅಲ್ಲಿ ಗಂಟು ಬಿಚ್ಚೋದು ಕರ್ನೆಲ್ಲಿನ ಸ್ವಂತ ರೂಟ್‌ಎಫ್‌ಎಸ್ ಮೇಲೇ, ಅದನ್ನ ಅನ್‌ಮೌಂಟ್ ಮಾಡಕ್ಕೇ ಆಗಲ್ಲ. ಶೆಡ್ಡು ಕೀಳಬಹುದು, ಶೆಡ್ಡು ನಿಂತ ನೆಲ ಕೀಳಕ್ಕೆ ಆಗಲ್ವಲ್ಲ, ಹಾಗೆ. ಅದಕ್ಕೇ ಅಳಿಸು, ಮೇಲೆ ಕೂರಿಸು, ದಾಟು ಅನ್ನೋ ಸ್ವಿಚ್ ರೂಟ್ ದಾರಿ ಬೇಕಾಯ್ತು. ಪಿವಟ್ ರೂಟ್ ಏನೂ ಮೂಲೆಗೆ ಬಿದ್ದಿಲ್ಲ, ಇವತ್ತು ಪ್ರೋಗ್ರಾಮುಗಳನ್ನ ಬೇರೆ ಬೇರೆ ಡಬ್ಬೀಲಿಟ್ಟಂಗೆ ಓಡಿಸೋ ಡಾಕರ್ ಕಂಟೇನರ್ ಶುರುವಾಗೋದು ಅದರಿಂದಲೇ. ಇನ್ನೂ ಚೆಂದ ಅಂದ್ರೆ ಡ್ರಾಕಟ್ ಇರೋ ಕಡೆ ಶಟ್‌ಡೌನ್ ಮಾಡುವಾಗ ಉಲ್ಟಾ ಪ್ರಯಾಣವೂ ಇದೆ, ನಿಜವಾದ ರೂಟನ್ನ ನೆಟ್ಟಗೆ ಅನ್‌ಮೌಂಟ್ ಮಾಡಬೇಕಾದ್ರೆ ಅದರೊಳಗೆ ನಿಂತಿರಬಾರದಲ್ಲ, ಅದಕ್ಕೆ ಸಿಸ್ಟಮ್ ಮತ್ತೆ ರ‍್ಯಾಮಿನ ಶೆಡ್ಡಿಗೆ ವಾಪಸ್ ಬಂದು ಮನೆಗೆ ಬೀಗ ಹಾಕ್ತದೆ.

ಇದು ಲಿನಕ್ಸ್ ಹಾಕ್ಕೊಂಡೋರ ಚಿಂತೆ ಅಂತ ಬೇರೆ ಓದುಗರು ಪುಟ ತಿರುಗಿಸ್ಬೇಡಿ. ನಿಮ್ಮ ಜೇಬಲ್ಲಿರೋ ಆಂಡ್ರಾಯ್ಡ್ ಫೋನ್ ಒಳಗೆ ಇರೋದೂ ಲಿನಕ್ಸ್ ಕರ್ನೆಲ್ಲೇ. ಆಂಡ್ರಾಯ್ಡ್ 10 ಇಟ್ಕೊಂಡೇ ಮಾರ್ಕೆಟ್ಟಿಗೆ ಬಂದ ಫೋನುಗಳಲ್ಲಿ ಮೊದಲ ಹಂತದ ಇನಿಟ್ ರ‍್ಯಾಮಿಂದ ಎದ್ದು, ಸಿಸ್ಟಮ್ ಪಾರ್ಟಿಷನ್ ಮೌಂಟ್ ಮಾಡಿ, ಅಲ್ಲಿಗೆ ರೂಟ್ ಬದಲಾಯಿಸ್ತದೆ. ಕಂಪನಿ ಲೋಗೋ ನೋಡ್ತಾ ಕಾಯ್ತೀರಲ್ಲ, ಆ ಹೊತ್ತಲ್ಲಿ ಇದು ನಡೆದುಹೋಗಿರ್ತದೆ.

ಈಗ ಆ ಕಪ್ಪು ಸ್ಕ್ರೀನಿಗೆ ಬರ್ತೀನಿ. ಬ್ರಾಕೆಟ್ಟಲ್ಲಿ ಇನಿಟ್‌ರಾಮ್‌ಎಫ್‌ಎಸ್ ಅಂತ ಬಂದು ಕರ್ಸರ್ ಮಿನುಗ್ತಾ ಇದೆ ಅಂದ್ರೆ ಅರ್ಥ ಇಷ್ಟೇ: ನಾನು ಶೆಡ್ಡಲ್ಲಿ ಇದೀನಿ, ಮನೆಗೆ ಹೋಗಕ್ಕೆ ಆಗ್ಲಿಲ್ಲ, ಬಂದು ನೋಡಿ. ಅದು ಸತ್ತ ಮಷೀನ್ ಅಲ್ಲ. ಕೈಗೆ ಒಂದು ಸಣ್ಣ ಶೆಲ್ (ಕಮಾಂಡ್ ಟೈಪ್ ಮಾಡೋ ಜಾಗ) ಕೊಟ್ಟು ಸಹಾಯ ಕೇಳ್ತಿರೋ ಮಷೀನ್. ಯಾಕೆ ಹೋಗಕ್ಕೆ ಆಗ್ಲಿಲ್ಲ ಅನ್ನೋದನ್ನೂ ಅದರ ಮೇಲಿನ ನಾಲ್ಕೈದು ಸಾಲಲ್ಲಿ ಬರೆದೇ ಇರ್ತದೆ, ನಾವು ಓದಲ್ಲ ಅಷ್ಟೇ. ಇಂಗ್ಲಿಷಲ್ಲಿ ಇದೆ ಅಂತ ಹೆದರಿ ಓದದೇ ಇರೋರು ನಮ್ಮ ಕಡೆ ಬಹಳ ಜನ, ಅಂಗಡಿಯೋರಲ್ಲೂ ಇದಾರೆ.

ಅಲ್ಲಿ ಎಫ್‌ಎಸ್‌ಸಿಕೆಯನ್ನ ಮ್ಯಾನುಯಲ್ ಆಗಿ ಓಡಿಸಿ ಅಂತ ಇದ್ರೆ ಮನೆ ಸಿಕ್ಕಿದೆ, ಆದ್ರೆ ಒಳಗೆ ಲೆಕ್ಕ ತಾಳೆ ಆಗ್ತಿಲ್ಲ ಅಂತ. ಕರೆಂಟು ಹೋದಾಗ ಆಗೋದು ಇದು. ಇಎಕ್ಸ್‌ಟಿ4 ಅನ್ನೋ ಫೈಲ್ ಸಿಸ್ಟಮಿಗೆ ಜರ್ನಲ್ ಅಂತ ಒಂದು ರೋಜುಮೇಳ ಇರ್ತದೆ, ಸಾಮಾನ್ಯವಾಗಿ ಅದನ್ನ ನೋಡ್ಕೊಂಡು ತಾನೇ ಸರಿ ಮಾಡ್ಕೊಳ್ತದೆ, ನಮಗೆ ಗೊತ್ತೂ ಆಗಲ್ಲ. ಒಮ್ಮೊಮ್ಮೆ ಅದಕ್ಕೂ ಮೀರಿದ ವ್ಯತ್ಯಾಸ ಕಂಡ್ರೆ ಮಾತ್ರ ನಿಂತು ನಿಮ್ಮನ್ನ ಕೇಳ್ತದೆ, ಕೇಳದೇ ತಿದ್ದಿ ಇನ್ನಷ್ಟು ಹಾಳು ಮಾಡೋದು ಬೇಡ ಅಂತ. ಅದೇ ಯುಯುಐಡಿ ಡಸ್ ನಾಟ್ ಎಕ್ಸಿಸ್ಟ್, ಗೇವ್ ಅಪ್ ವೇಟಿಂಗ್ ಅಂತ ಇದ್ರೆ ಕಥೆ ಬೇರೆ, ಅದಕ್ಕೆ ಮನೆಯೇ ಕಂಡಿಲ್ಲ. ಡಿಸ್ಕಿನ ಸಾಟಾ ಕೇಬಲ್ ಸಡಿಲ ಆಗಿರಬಹುದು, ನಮ್ಮ ಮಲೆನಾಡಿನ ಥಂಡಿಗೆ ಕನೆಕ್ಟರ್ ಹಸಿರು ಹಿಡಿದಿರೋದನ್ನ ನಾನೇ ನೋಡಿದೀನಿ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತು ಬಯೋಸ್ ಸೆಟ್ಟಿಂಗ್ ಮೊದಲಿನಂಗಾಗಿ, ಕೆಲವು ಬೋರ್ಡಲ್ಲಿ ಡಿಸ್ಕಿನ ಮೋಡ್ ಎಎಚ್‌ಸಿಐ ಇದ್ದದ್ದು ರೇಡ್‌ಗೆ ತಿರುಗಿ ಡಿಸ್ಕ್ ಕಾಣದಂಗೆ ಆಗ್ತದೆ. ಸಿಆರ್2032 ಬ್ಯಾಟರಿ, ಕೈಗಡಿಯಾರದ ಅಂಗಡೀಲೂ ಸಿಗ್ತದೆ. ಹಳೇ ಡಿಸ್ಕಿಂದ ಎಸ್‌ಎಸ್‌ಡಿಗೆ ಫೈಲು ಕಾಪಿ ಮಾಡ್ಕೊಂಡೋರಿಗೂ ಇದೇ ಬರ್ತದೆ, ಹೊಸ ಪಾರ್ಟಿಷನ್ನಿಗೆ ಹೊಸ ಯುಯುಐಡಿ, ಗ್ರಬ್ ಇನ್ನೂ ಹಳೇದನ್ನೇ ಕೇಳ್ತಾ ಕೂತಿರ್ತದೆ.

ಇನ್ನೊಂದು ಥರ ಇದೆ, ಅದರಲ್ಲಿ ಈ ಶೆಲ್ಲೂ ಸಿಗಲ್ಲ. ಕರ್ನೆಲ್ ಪ್ಯಾನಿಕ್, ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್ 0,0 ಅಂತ ಬಂದು ಕೀಬೋರ್ಡಿನ ದೀಪ ಮಿಣಮಿಣ ಅಂತದೆ. ಇದಕ್ಕೆ ಜನ ತುಂಬ ಹೆದರ್ತಾರೆ, ಆದ್ರೆ ನಾನು ಕಂಡಂತೆ ಇದು ಬಹುತೇಕ ಸಲ ಶೆಡ್ಡೇ ಇಲ್ಲದ ಕೇಸು. ಬೂಟ್ ಪಾರ್ಟಿಷನ್ ಬೇರೆ ಮಾಡಿ ಚಿಕ್ಕದಾಗಿ ಇಟ್ಟಿರ್ತಾರೆ, ಅಪ್‌ಡೇಟ್ ಬಂದಂಗೆಲ್ಲ ಹೊಸ ಕರ್ನೆಲ್ಲು, ಅದರದ್ದೊಂದು ಗಂಟು, ಒಂದೊಂದು ಗಂಟೂ ಹತ್ತಾರು ಎಂಬಿ, ಹೀಗೇ ಸೇರಿ ಸೇರಿ ಜಾಗ ತುಂಬ್ತದೆ. ಕೊನೇ ಅಪ್‌ಡೇಟಲ್ಲಿ ಕರ್ನೆಲ್ ಬಂದು ಕೂತು, ಗಂಟು ಕಟ್ಟುವಾಗ ನೋ ಸ್ಪೇಸ್ ಲೆಫ್ಟ್ ಅಂತ ಅರ್ಧಕ್ಕೆ ನಿಂತಿರ್ತದೆ. ಯಾರೂ ಗಮನಿಸಿರಲ್ಲ, ಮುಂದಿನ ಸಲ ಆನ್ ಮಾಡಿದಾಗ ಪ್ಯಾನಿಕ್ಕು. ಗ್ರಬ್ ಮೆನುವಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗೆ ಹೋಗಿ ಹಿಂದಿನ ಕರ್ನೆಲ್ ಆರಿಸಿದ್ರೆ ಮಷೀನ್ ಎದ್ದು ಬರ್ತದೆ, ಹಳೇ ಕರ್ನೆಲ್‌ಗಳನ್ನ ತೆಗೆದು ಅಪ್‌ಡೇಟ್ ಇನಿಟ್‌ರಾಮ್‌ಎಫ್‌ಎಸ್ ಅನ್ನೋ ಕಮಾಂಡ್ ಕೊಟ್ಟು ಗಂಟು ಮತ್ತೆ ಕಟ್ಟಿಸಿದ್ರೆ ಮುಗೀತು. ಹತ್ತು ನಿಮಿಷದ ಕೆಲಸ.

ಹೋದ ವರ್ಷ ಆಗಸ್ಟಲ್ಲಿ ನನ್ನ ದೊಡ್ಡಮ್ಮನ ಮಗ ಫೋನ್ ಮಾಡಿದ. ಅವನು ಅವರೂರ ಹಾಲಿನ ಡೇರೀಲಿ ಕಾರ್ಯದರ್ಶಿ. ಮಾರಾಯ, ಡೇರಿ ಕಂಪ್ಯೂಟರ್ ಏಳ್ತಿಲ್ಲ, ನಾಡಿದ್ದು ಬಟವಾಡೆ, ಎಲ್ಲರ ಲೆಕ್ಕ ಅದರಲ್ಲೇ ಇದೆ, ಪೇಟೆಗೆ ಒಯ್ತೀನಿ ಅಂದ. ಎಲ್ಲಿಗೂ ಒಯ್ಬೇಡ, ಪ್ಲಗ್ ಕಿತ್ತಿಡು, ನಾನು ಬರ್ತೀನಿ ಅಂದೆ. ಪೆನ್‌ಡ್ರೈವಲ್ಲಿ ಲೈವ್ ಉಬುಂಟು (ಡಿಸ್ಕಿಗೆ ಹಾಕದೇ ಪೆನ್‌ಡ್ರೈವಿಂದಲೇ ಓಡೋದು), ಒಂದು ಖಾಲಿ ಹಾರ್ಡ್‌ಡಿಸ್ಕ್ ಬ್ಯಾಗಿಗೆ ಹಾಕ್ಕೊಂಡು ಮಳೇಲೇ ಬೈಕಲ್ಲಿ ಹೋದೆ. ಸಂಜೆ ಹಾಲು ಹಾಕೋರು ಕ್ಯಾನ್ ಹಿಡ್ಕೊಂಡು ಸಾಲಲ್ಲಿ ನಿಂತಿದ್ರು, ಅವನು ಪುಸ್ತಕದಲ್ಲಿ ಪೆನ್ನಲ್ಲಿ ಬರ್ಕೊಳ್ತಾ ಒಂದು ಕಣ್ಣು ನನ್ನ ಮೇಲೇ ಇಟ್ಟಿದ್ದ.

ಮೊದಲು ರಿಪೇರಿಗೆ ಕೈ ಹಾಕ್ಲಿಲ್ಲ. ಪೆನ್‌ಡ್ರೈವಿಂದ ಬೂಟ್ ಮಾಡಿ, ಡಿಸ್ಕಿನ ಆರೋಗ್ಯ ಹೇಳೋ ಸ್ಮಾರ್ಟ್ ವರದಿ ನೋಡಿದೆ, ಕರ್ನೆಲ್ ಸಂದೇಶ ತೋರಿಸೋ ಡಿಎಂಇಎಸ್‌ಜಿಯಲ್ಲಿ ಐಓ ಎರರ್ (ಡಿಸ್ಕ್ ಓದೋ ಬರೆಯೋ ದೋಷ) ಇದೆಯಾ ನೋಡಿದೆ, ಇರ್ಲಿಲ್ಲ. ಇದ್ದಿದ್ರೆ ಎಫ್‌ಎಸ್‌ಸಿಕೆ ಮುಟ್ಟಲೇ ಬಾರದು, ಸಾಯ್ತಿರೋ ಡಿಸ್ಕ್ ಮೇಲೆ ಬರೆದಷ್ಟೂ ಕಳ್ಕೊಳ್ತೀವಿ, ಮೊದಲು ಡಿಡಿರೆಸ್ಕ್ಯೂ ಹಾಕಿ ಪೂರ್ತಿ ಡಿಸ್ಕಿನ ನಕಲು ತೆಗೀಬೇಕು. ಆಮೇಲೆ ಪಾರ್ಟಿಷನ್ನನ್ನ ಬರೀ ಓದೋಕೆ ಮಾತ್ರ ಅಂತ ಮೌಂಟ್ ಮಾಡ್ದೆ, ಜೊತೆಗೆ ನೋಲೋಡ್ ಅಂತ ಸೇರಿಸ್ದೆ, ಇಲ್ಲಾಂದ್ರೆ ಓದೋಕೆ ಮಾತ್ರ ಅಂದ್ರೂ ಇಎಕ್ಸ್‌ಟಿ4 ತನ್ನ ಜರ್ನಲ್ ನೋಡ್ಕೊಂಡು ಡಿಸ್ಕಿಗೆ ಬರೆದುಬಿಡ್ತದೆ. ಹೋಮ್ ಫೋಲ್ಡರ್, ಲೆಕ್ಕದ ಡೇಟಾಬೇಸ್ ಎಲ್ಲಾ ಸೇರಿ 6 ಜಿಬಿ ಚಿಲ್ಲರೆ, ಕಾಪಿ ಆಗೋಕೆ ಕಾಲು ಗಂಟೆ. ಕಾಪಿಯಾದದ್ದನ್ನ ತೆಗೆದು ಅವನ ಮುಂದೆ ಇಟ್ಟು ಇವೇನಾ ನೋಡು ಅಂದೆ. ಹೋದ ಬಟವಾಡೆ ಶೀಟು ತೆಗೆದು ನೋಡಿ ಹೌದು ಅಂದ, ಆಗ ಅವನ ಮುಖಕ್ಕೆ ರಕ್ತ ಬಂತು.

ಅದಾದ ಮೇಲೆ ಪೆನ್‌ಡ್ರೈವ್ ತೆಗೆದು ಮತ್ತೆ ಅದೇ ಕಪ್ಪು ಸ್ಕ್ರೀನಿಗೆ ಬಂದು, ಅಲ್ಲಿ ತೋರಿಸಿದ ಪಾರ್ಟಿಷನ್ ಹೆಸರನ್ನೇ ಹಾಕಿ ಎಫ್‌ಎಸ್‌ಸಿಕೆ ಕೊಟ್ಟೆ. ಈ ಐನೋಡ್ (ಫೈಲಿನ ದಾಖಲೆ) ಅನಾಥ, ಕ್ಲಿಯರ್ ಮಾಡ್ಲಾ, ವೈ, ಅಂದ್ರೆ ಹೂಂ. ಖಾಲಿ ಬ್ಲಾಕಿನ ಲೆಕ್ಕ ತಪ್ಪು, ಸರಿ ಮಾಡ್ಲಾ, ವೈ. ಹೀಗೆ ಇಪ್ಪತ್ತೋ ಮೂವತ್ತೋ ಪ್ರಶ್ನೆ. ಕೊನೆಗೆ ಫೈಲ್ ಸಿಸ್ಟಮ್ ವಾಸ್ ಮಾಡಿಫೈಡ್ ಅಂತ ಬಂತು. ಎಕ್ಸಿಟ್ ಅಂತ ಟೈಪ್ ಮಾಡಿ ಎಂಟರ್ ಒತ್ತಿದೆ. ಸಾಲುಗಳು ಸರಸರ ಅಂತ ಮೇಲೆ ಹೋದ್ವು, ಸ್ಕ್ರೀನ್ ಒಂದು ಸಲ ಕಪ್ಪಾಗಿ ಲಾಗಿನ್ ಬಂತು. ಅವನು ಕ್ಯಾನ್ ಕೆಳಗಿಟ್ಟು ಓಡಿ ಬಂದ. ಕಳೆದದ್ದು ಏನೂ ಇಲ್ಲ, ಬ್ರೌಸರಿನ ಒಂದೆರಡು ಕ್ಯಾಶೆ ಫೈಲು ಲಾಸ್ಟ್ ಫೌಂಡ್ ಡೈರೆಕ್ಟರೀಲಿ ಬಿದ್ದಿದ್ವು ಅಷ್ಟೇ.

ಮೇಷ್ಟ್ರ ಮಷೀನಿಗೆ ಬಂದದ್ದೂ ಇದೇ ಸ್ಕ್ರೀನು. ಅವತ್ತು ಆ ಅಂಗಡೀಲಿ ಯಾರಾದ್ರೂ ಒಬ್ರು ಮೇಲಿನ ನಾಲ್ಕು ಸಾಲು ಓದಿದ್ರೆ ಸಾಕಿತ್ತು. ಓದಿ ಅರ್ಥ ಆಗದೇ ಇದ್ರೂ ಲೈವ್ ಪೆನ್‌ಡ್ರೈವ್ ಹಾಕಿ ಮೊದಲು ಫೈಲು ಕಾಪಿ ಮಾಡ್ಕೊಳ್ಳೋಣ ಅಂದಿದ್ರೆ ಸಾಕಿತ್ತು. ಅಂಗಡಿಯೋರನ್ನ ಬೈಯ್ಯೋಕೆ ನಾನು ಇದನ್ನ ಬರೀತಿಲ್ಲ, ಅವರಿಗೂ ಯಾರೂ ಕಲಿಸಿಲ್ಲ. ಐಟಿಐಲಿ ಕೋಪಾ ಅನ್ನೋ ಕಂಪ್ಯೂಟರ್ ಕೋರ್ಸ್ ಮುಗಿಸಿ ಬಂದ ಹುಡುಗರ ಹತ್ರ ನಾನು ಮಾತಾಡಿದೀನಿ, ಚುರುಕಿನ ಹುಡುಗರು, ವಿಂಡೋಸ್ ಇನ್‌ಸ್ಟಾಲ್ ಮಾಡೋದು ಕಣ್ಣು ಮುಚ್ಚಿ ಮಾಡ್ತಾರೆ, ಆದ್ರೆ ಮಷೀನ್ ಆನ್ ಆದಾಗಿಂದ ಲಾಗಿನ್ ಬರೋವರೆಗೂ ಒಳಗೆ ಏನಾಗ್ತದೆ ಅಂತ ಕೇಳಿದ್ರೆ ಸುಮ್ಮನಾಗ್ತಾರೆ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳಲ್ಲೇ ವರ್ಷಗಳಿಂದ ಉಬುಂಟು ಆಧಾರದ ಲಿನಕ್ಸ್ ಓಡ್ತಾ ಇದೆ, ಅಲ್ಲಿ ಮೇಷ್ಟ್ರುಗಳಿಗೇ ಇದರ ಪರಿಚಯ ಇರ್ತದೆ. ನಮ್ಮಲ್ಲೂ ಲೈಸೆನ್ಸ್ ದುಡ್ಡು ಉಳೀತದೆ ಅಂತ ಸೊಸೈಟಿ, ಲೈಬ್ರರಿ, ಮನೆಗಳಲ್ಲಿ ಲಿನಕ್ಸ್ ಬರ್ತಾ ಇದೆ, ಬರಲಿ, ಒಳ್ಳೇದೇ, ಆದ್ರೆ ಅದು ನಿಂತಾಗ ಕೈ ಹಿಡಿಯೋರು ಬೇಕಲ್ವಾ.

ನಿಮ್ಮ ಪತ್ರಿಕೆ ನಮ್ಮ ಕಡೆ ಹಳ್ಳಿ ಹಳ್ಳಿಗೂ ಬರ್ತದೆ, ಆ ಪೇಟೆ ಅಂಗಡಿಗಳ ಕೌಂಟರ್ ಮೇಲೂ ಇರ್ತದೆ. ನೀವು ಫಾರ್ಮ್ಯಾಟ್ ಮಾಡಿ ಅಂತ ಬರೆದ್ರೆ ನಾಳೆ ಅದೇ ಪ್ರಮಾಣ ಆಗ್ತದೆ. ಅದಕ್ಕೆ ಆ ಉತ್ತರವನ್ನ ಅದೇ ಅಂಕಣದಲ್ಲಿ, ಅದೇ ಅಳತೆಯಲ್ಲಿ ತಿದ್ದಿ ಹಾಕಿ ಅಂತ ಕೇಳ್ಕೊಳ್ತೀನಿ. ಈ ಸ್ಕ್ರೀನಲ್ಲಿ ಬರೋ ಸಾಲುಗಳು, ಅವುಗಳ ಕನ್ನಡ ಅರ್ಥ, ಯಾವುದಕ್ಕೆ ಏನು ಮಾಡೋದು, ಯಾವಾಗ ಏನೂ ಮಾಡದೆ ಸುಮ್ಮನಿರೋದು ಅಂತ ಎರಡು ಪುಟ ಬರೆದು ಇಟ್ಟಿದೀನಿ. ನಮ್ಮೂರ ಕಡೆ ಮೂರು ಅಂಗಡಿಗೆ ಪ್ರಿಂಟ್ ಹಾಕಿಸಿ ಕೊಟ್ಟಿದೀನಿ, ಒಬ್ರು ಅದನ್ನ ಕೌಂಟರ್ ಹಿಂದೆ ಗೋಡೆಗೆ ಅಂಟಿಸಿದಾರೆ. ಬೇಕಂದ್ರೆ ಹೇಳಿ, ಹಾಗೇ ಕಳಿಸ್ತೀನಿ, ನನ್ನ ಹೆಸರು ಹಾಕೋದೇನೂ ಬೇಡ.

ಮೇಷ್ಟ್ರು ಈಗ ಮತ್ತೆ ತಿರುಗೋಕೆ ಶುರು ಮಾಡಿದಾರೆ, 71 ವಯಸ್ಸು, ಈ ಸಲ ಎರಡು ಡಿಸ್ಕಿಗೆ ಕಾಪಿ ಹಾಕ್ತಾರೆ, ಒಂದು ನಮ್ಮನೇಲೇ ಇರ್ತದೆ. ಹಳೇ ಪಟ್ಟೀಲಿದ್ದ ಅಜ್ಜಿಯರಲ್ಲಿ ನಾಲ್ಕು ಜನ ಸಿಕ್ಕಿದಾರೆ.

ಪ್ರಶ್ನೆ ಕೇಳಿದ ಆ ಓದುಗರು ಯಾರೋ ನಂಗೆ ಗೊತ್ತಿಲ್ಲ. ಅವರು ಇನ್ನೂ ಮಷೀನನ್ನ ಅಂಗಡಿಗೆ ಕೊಟ್ಟಿಲ್ಲ ಅಂದ್ರೆ ಪ್ಲಗ್ ಕಿತ್ತು ಹಾಗೇ ಇಟ್ಟಿರಲಿ, ಮತ್ತೆ ಮತ್ತೆ ಆನ್ ಮಾಡೋದೂ ಬೇಡ. ಕೊಟ್ಟಿದ್ರೆ ಇವತ್ತೇ ಫೋನ್ ಮಾಡಿ ಡಿಸ್ಕ್ ಮುಟ್ಟಬೇಡಿ ಅಂತ ಹೇಳಲಿ. ನನ್ನ ನಂಬರ್ ಲಕೋಟೆ ಹಿಂದೆ ಬರೆದಿದೀನಿ, ಅವರಿಗೆ ಕೊಡಿ, ಎಷ್ಟೊತ್ತಿಗಾದ್ರೂ ಮಾಡಲಿ.

ಇಂತಿ,
ನಿಮ್ಮ ಓದುಗ
ತೀರ್ಥಹಳ್ಳಿ ತಾಲೂಕು